ಸೊರಬ ಕೇಂದ್ರ, ಮಾತಾಡಿ

ನಾಲ್ಕು ಜನರ ಮುಂದೆ ನಿಂತು ಮಾತಾಡುವುದೆಂದರೆ ನನಗೆ ಚಿಕ್ಕಂದಿನಿಂದಲೂ ಭಯ. ಶಾಲೆಯಲ್ಲಿ ಪ್ರಾರ್ಥನೆ ಹೇಳಲು ಮುಂದೆ ಕರೆದರೆ ಮೊದಲು ಮಂಡಿ ನಡುಗುತ್ತಿತ್ತು, ಆಮೇಲೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಅಂಥವಳು ಅಂಗನವಾಡಿ ಮೇಲ್ವಿಚಾರಕಿಯಾದದ್ದು, ಆ ಕೆಲಸದಲ್ಲಿ ಭಾಷಣ ಮಾಡುವ ಪ್ರಸಂಗ ಬರುವುದಿಲ್ಲ ಎಂಬ ಒಂದೇ ನಂಬಿಕೆಯ ಮೇಲೆ. ಮಕ್ಕಳ ತೂಕ ನೋಡುವುದು, ಹಿಟ್ಟಿನ ಮೂಟೆ ಬಂತೋ ಇಲ್ಲವೋ ವಿಚಾರಿಸುವುದು, ಕಾರ್ಯಕರ್ತೆಯರ ಕಷ್ಟಸುಖ ಕೇಳುವುದು, ಇಷ್ಟೇ ನನ್ನ ಕೆಲಸ. ಬೆಳಿಗ್ಗೆ ಶಿಕಾರಿಪುರದ ಮನೆಯಿಂದ ಹೊರಟು ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುತ್ತಿದ್ದೆ. ಸಂಜೆ ಅದೇ ದಾರಿಯ ಬಸ್ಸಿನಲ್ಲಿ ವಾಪಸ್ಸು. ಯಾರ ಕಣ್ಣಿಗೂ ಬೀಳದೆ ಬದುಕುವ ಬಗೆ ನನಗೆ ಸಿದ್ಧಿಸಿಬಿಟ್ಟಿತ್ತು.

ಅದು ತೊಂಬತ್ತರ ದಶಕದ ನಡುಭಾಗ. ಗ್ರಾಮ ಪಂಚಾಯಿತಿಗಳಲ್ಲಿ ಹೆಂಗಸರಿಗೆಂದು ಸ್ಥಾನ ಮೀಸಲಿಟ್ಟು ಚುನಾವಣೆ ನಡೆದಿತ್ತು. ಗೆದ್ದ ಹೆಂಗಸರಿಗೆಲ್ಲ ಒಮ್ಮೆಗೇ ಮೂರು ದಿನದ ತರಬೇತಿ ಕೊಡಬೇಕೆಂದು ಸರ್ಕಾರ ಹೊಸದೊಂದು ಉಪಾಯ ಮಾಡಿತ್ತು. ಒಂದು ದಿನ ನಮ್ಮ ಸಾಹೇಬರು ಕರೆದರು.

"ನೋಡಮ್ಮ, ಬೆಂಗಳೂರಲ್ಲಿ ಕೂತು ದೊಡ್ಡೋರು ಮಾತಾಡ್ತಾರೆ. ಅದು ಉಪಗ್ರಹದ ಮೂಲಕ ಇಲ್ಲಿ ಟಿವಿಗೆ ಬರ್ತದೆ. ನಮ್ಮ ಹೆಣ್ಣುಮಕ್ಕಳು ಫೋನಲ್ಲಿ ಪ್ರಶ್ನೆ ಕೇಳ್ತಾರೆ, ಅದಕ್ಕೆ ಅವರು ಟಿವಿಯಲ್ಲೇ ಉತ್ತರ ಹೇಳ್ತಾರೆ. ರಾಜ್ಯದ ಎಲ್ಲಾ ಕೇಂದ್ರದಲ್ಲೂ ಒಟ್ಟಿಗೇ ಕಾಣ್ತದೆ. ಸೊರಬ ಕೇಂದ್ರ ನೀವು ನಡೆಸಬೇಕು."

ನನ್ನ ಕಿವಿಗೆ ಬಿದ್ದದ್ದು ಕೊನೆಯ ವಾಕ್ಯ ಮಾತ್ರ.

"ಸಾರ್, ನನಗೆ ಮಾತಾಡಕ್ಕೆ ಬರಲ್ಲ" ಎಂದೆ.

"ನೀವೇನು ಮಾತಾಡೋದಿದೆ? ಎಲ್ಲಾ ಟಿವಿ ಮಾತಾಡ್ತದೆ" ಎಂದು ಅವರು ಫೈಲು ಮುಚ್ಚಿದರು.

ಹಾಗಲ್ಲ ಎಂಬುದು ಶಿವಮೊಗ್ಗದಲ್ಲಿ ನಮಗೆ ತಯಾರಿ ಕೊಟ್ಟಾಗ ಗೊತ್ತಾಯಿತು. ಕೈಮಗ್ಗದ ಸೀರೆ ಉಟ್ಟ, ದನಿ ಎತ್ತರಿಸದ ಮೇಡಂ ಒಬ್ಬರು ಬಂದಿದ್ದರು. ಟಿವಿ ಮುಂದೆ ಜನ ಕೂರಿಸಿದ ಮಾತ್ರಕ್ಕೆ ಸಭೆ ಆಗುವುದಿಲ್ಲ ಎಂದು ಶುರುಮಾಡಿದರು. ಬೆಂಗಳೂರಿನವರ ಮಾತು ಅರ್ಧ ಸಭೆ, ಉಳಿದರ್ಧ ನಿಮ್ಮ ಕೋಣೆಯಲ್ಲಿ ಆಗಬೇಕು ಎಂದರು. ಒಂದು ವಿಷಯ ಮುಗಿದ ಕೂಡಲೇ ಟಿವಿಯ ಸದ್ದು ತೆಗೆಯಿರಿ, ಹೆಂಗಸರನ್ನು ದುಂಡಗೆ ಕೂರಿಸಿ, ತಂತಮ್ಮಲ್ಲೇ ಮಾತಾಡಲು ಬಿಡಿ, ಆಗ ಪ್ರಶ್ನೆ ತಾನಾಗಿ ಹುಟ್ಟುತ್ತದೆ ಎಂದರು. ಫೋನು ಸಿಕ್ಕಾಗ ಟಿವಿಯ ದನಿ ಪೂರಾ ಇಳಿಸಬೇಕಂತೆ. ನಾವು ಆಡಿದ ಮಾತು ಆಕಾಶಕ್ಕೆ ಹೋಗಿ ಸ್ವಲ್ಪ ತಡವಾಗಿ ಟಿವಿಯಿಂದ ವಾಪಸ್ಸು ಬರುತ್ತದೆ, ಅದನ್ನು ಕೇಳಿಸಿಕೊಂಡರೆ ಎಂಥವರಿಗೂ ತೊದಲು ಬರುತ್ತದೆ.

ಅವರು ಎರಡು ಸಲ ಒತ್ತಿ ಹೇಳಿದ ಮಾತೊಂದಿತ್ತು. "ಅವರ ಪ್ರಶ್ನೇನ ನೀವು ಕೇಳಬೇಡಿ. ಎಷ್ಟು ಹೊತ್ತಾದರೂ ಆಗಲಿ, ಅವರ ಬಾಯಿಂದಲೇ ಬರಲಿ."

ನನಗೋ, ನನ್ನ ಬಾಯಿಂದ ಬರುವುದೇ ಅನುಮಾನವಾಗಿತ್ತು.

ಮೊದಲ ದಿನದ್ದು ಹೇಳಿದರೆ ಈಗ ನಗು ಬರಬಹುದು. ಆಗ ನಾನು ನಕ್ಕಿರಲಿಲ್ಲ. ಸೊರಬದಲ್ಲಿ ಕಚೇರಿಯೊಂದರ ಹಿಂದಿನ ಉದ್ದನೆಯ ಕೋಣೆ ನಮಗೆ ಸಿಕ್ಕಿತ್ತು. ಹೊರಗೆ ಅಂಗಳದಲ್ಲಿ ಮಗುಚಿಟ್ಟ ದೊಡ್ಡ ಛತ್ರಿಯಂಥ ಡಿಶ್ಶು, ಒಳಗೆ ಮೇಜಿನ ಮೇಲೆ ಕಲರ್ ಟಿವಿ, ಪಕ್ಕದ ಗುಮಾಸ್ತರ ಕೋಣೆಯಿಂದ ಉದ್ದ ವೈರು ಎಳೆದು ತಂದಿಟ್ಟ ಕಪ್ಪು ಫೋನು. ಸೊರಬ, ಶಿಕಾರಿಪುರ ಎರಡೂ ಕಡೆಯ ಸದಸ್ಯೆಯರು ಬಂದಿದ್ದರು. ಜಡೆ, ಹೊಸಬಾಳೆ ಊರುಗಳ ಕಡೆಯವರು ಬಸ್ಸಿಳಿದು ಬಂದರು. ದೂರದ ಹಳ್ಳಿಯವರು ಯಾರ್ಯಾರದೋ ಜೀಪು, ಟ್ರ್ಯಾಕ್ಟರುಗಳಲ್ಲಿ ಬಂದರು. ಒಬ್ಬೊಬ್ಬರ ಹಿಂದೆಯೂ ಗಂಡ, ಇಲ್ಲವೇ ಮೈದುನ, ಇಲ್ಲವೇ ಮಾವ. ಆ ಗಂಡಸರು ಬಂದವರೇ ಮುಂದಿನ ಕುರ್ಚಿಗಳಲ್ಲಿ ಕೂತುಬಿಟ್ಟರು. ಆಯ್ಕೆಯಾದ ಹೆಂಗಸರು ಹಿಂದೆ ಗೋಡೆಗೆ ಒರಗಿ ಜಮಖಾನದ ಮೇಲೆ ಕೂತರು. ಟಿವಿ ಹತ್ತಿಕೊಂಡಿತು, ಬೆಂಗಳೂರಿನವರು ಕಾಯಿದೆಯ ಬಗ್ಗೆ ಮಾತಾಡಿದರು, ಹೆಂಗಸರು ಸಿನಿಮಾ ನೋಡುವಂತೆ ನೋಡಿದರು. ಕೆಲವರು ತೂಕಡಿಸಿದರು.

ಮಧ್ಯಾಹ್ನ ಟಿವಿಯಲ್ಲಿ ನಿರೂಪಣೆ ಮಾಡುತ್ತಿದ್ದ ಹೆಂಗಸು ನೇರವಾಗಿ ನನ್ನನ್ನೇ ನೋಡಿದಂತೆ, "ಸೊರಬ ಕೇಂದ್ರದಿಂದ ಇನ್ನೂ ಯಾರೂ ಮಾತಾಡಿಲ್ಲ. ಸೊರಬ ಕೇಂದ್ರ, ಇದ್ದೀರಾ?" ಎಂದು ಕೇಳಿದರು. ಅವರಿಗೆ ನಾನು ಕಾಣುವುದಿಲ್ಲ ಎಂದು ಗೊತ್ತಿದ್ದರೂ ನಾನು ಕಂಬದ ಮರೆಗೆ ಸರಿದೆ. ಮುಂದಿನ ಸಾಲಿನ ಗಂಡಸರು ತಿರುಗಿ ನನ್ನ ಕಡೆ ನೋಡಿದರು. ಆ ದಿನ ಸೊರಬದಿಂದ ಒಂದು ಪ್ರಶ್ನೆಯೂ ಹೋಗಲಿಲ್ಲ.

"ಶಿವಮೊಗ್ಗದಿಂದ ಫೋನು ಬಂದಿತ್ತು" ಎಂದರು ಸಾಹೇಬರು ಸಂಜೆ. "ನಿಮ್ಮ ಕೇಂದ್ರ ಸತ್ತು ಹೋಗಿದೆಯಾ ಅಂತ ಕೇಳಿದರು. ನಾಳೆ ನಾಡಿದ್ದರಲ್ಲಿ ಯಾರಾದರೂ ಮಾತಾಡಲೇಬೇಕು. ಇಲ್ಲದಿದ್ರೆ ಮೇಲಕ್ಕೆ ನಾನೇನು ಬರೀಲಿ?"

ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಮೊದಲು ಆ ಗಂಡಸರನ್ನು ಹೊರಗೆ ಕಳಿಸಬೇಕು. ಕಳಿಸುವವಳು ನಾನು.

ಮರುದಿನ ಬೆಳಿಗ್ಗೆ ಹೋಗಿ ಅವರ ಮುಂದೆ ನಿಂತೆ. "ಇವತ್ತು ಹೆಣ್ಣುಮಕ್ಕಳು ಮಾತ್ರ ಒಳಗೆ ಇರಬೇಕು ಅಂತ ಆರ್ಡರು ಬಂದಿದೆ. ತಮಗೆಲ್ಲ ಹೊರಗೆ ಜಗಲಿ ಮೇಲೆ ಟೀ ಇಟ್ಟಿದೀವಿ" ಎಂದೆ. ಆರ್ಡರೇನೂ ಬಂದಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಯಾರ್ ಕಳ್ಸಿದ್ದು ಆರ್ಡ್ರು? ನಮ್ಮನೆ ಹೆಂಗಸ್ರಿಗೆ ಏನ್ ಗೊತ್ತಾಗ್ತದೆ ಅಂತ ನಾವು ಹೊರಗೆ ಹೋಗದು?" ಎಂದು ಕೂತಲ್ಲೇ ಕೂತರು. ಇನ್ನೊಂದು ಕ್ಷಣ ಹಾಗೇ ನಿಂತಿದ್ದರೆ ನಾನೇ ಹೊರಗೆ ಹೋಗಿಬಿಡುತ್ತಿದ್ದೆನೇನೋ.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ ಬಂತು. "ಏ, ನೀ ಹೊರಗೆ ಹೋಗಿ ಬೀಡಿ ಸೇದು ಹೋಗು. ಇಲ್ಲಿ ಕುಂತು ನಿದ್ದಿ ಮಾಡಾಕ ನಿನ್ನನ್ಯಾರು ಕರ್ದಾರ?"

ಹೇಳಿದವಳು ಶಿಕಾರಿಪುರದ ಕಡೆಯ ಹೆಂಗಸು. ಅಂಬ್ಲಿಗೊಳ ಅಣೆಕಟ್ಟಿನ ನೀರು ಹರಿಯುವ ಬಯಲಿನ ಅಂಚಿನಲ್ಲಿ ಅವಳ ಊರು. ಕುರಿ ಸಾಕುವ ಮನೆ. ವಯಸ್ಸು ಐವತ್ತರ ಹತ್ತಿರ, ಹಣೆಯ ತುಂಬ ಕುಂಕುಮ, ಬಿಸಿಲಿಗೆ ಕಂದಿದ ಮುಖ. ಬೈಸಿಕೊಂಡವನು ಅವಳ ಗಂಡ. ಅವನು ಹೆಗಲ ಕಂಬಳಿ ಸರಿಮಾಡಿಕೊಂಡು, ಬದುಕಿದೆ ಎಂಬಂತೆ ಹೊರಗೆ ನಡೆದ. ಒಬ್ಬ ಎದ್ದ ಮೇಲೆ ಉಳಿದವರಿಗೆ ಕೂರುವುದು ಕಷ್ಟವಾಯಿತು. ಗೊಣಗಿಕೊಂಡು ಒಬ್ಬೊಬ್ಬರೇ ಎದ್ದರು.

ಆಮೇಲೆ ಕುರ್ಚಿಗಳನ್ನು ದುಂಡಗೆ ಹಾಕಿದೆವು. ಹೆಂಗಸರಿಗೆ ಕುರ್ಚಿಯ ಮೇಲೆ ಕೂರಲು ಸಂಕೋಚ. ನೀನು ಕೂರು, ನೀನು ಕೂರು ಎಂದು ಒಬ್ಬರನ್ನೊಬ್ಬರು ತಳ್ಳಿದರು. ಬೆಳಗಿನ ಪಾಠ ಮುಗಿದಾಗ ಟಿವಿಯ ಸದ್ದು ತೆಗೆದೆ. ನಿಮ್ಮೂರಿನಲ್ಲಿ ಸಭೆ ಹೇಗೆ ನಡೆಯುತ್ತದೆ, ಒಬ್ಬೊಬ್ಬರಾಗಿ ಹೇಳಿ ಎಂದೆ. ಮೊದಲು ಹೊಸಬಾಳೆಯ ಕಡೆಯಿಂದ ಬಂದಿದ್ದ ಸದಸ್ಯೆ ಬಾಯಿಬಿಟ್ಟಳು. "ನಮ್ಮಲ್ಲಿ ಸಭೆ ಅಂತ ಆದ್ರೆ ನಮ್ಮನೇರು ಹೋಗಿ ಬರ್ತಾರೆ ಮೇಡಂ. ನಂಗೆ ಗೊತ್ತಾಗದು ಅವರು ಬಂದು ಉಣ್ಣಕ್ಕೆ ಕೂತಾಗ." ಎಲ್ಲರೂ ನಕ್ಕರು. ನಕ್ಕ ಮೇಲೆ ಕಟ್ಟೆ ಒಡೆದಂತೆ ಮಾತು ಹರಿಯಿತು. ಒಬ್ಬಳ ಮಾತು ಮುಗಿಯುವ ಮೊದಲೇ ಇನ್ನೊಬ್ಬಳು ಶುರುಮಾಡುತ್ತಿದ್ದಳು.

ಕೊನೆಗೆ ಕುರಿಮನೆಯ ಹೆಂಗಸಿನ ಸರದಿ ಬಂದಾಗ, "ನಾ ಅಧ್ಯಕ್ಷಿ ಅದೀನ್ರಿ" ಎಂದಳು.

ಅವಳು ಅಧ್ಯಕ್ಷೆಯೆಂದು ನನಗೇ ಗೊತ್ತಿರಲಿಲ್ಲ.

"ಆದ್ರ ಪಂಚಾಯ್ತ್ಯಾಗ ಕುರ್ಚಿ ಮ್ಯಾಲೆ ಕುಂದ್ರಾದು ಉಪಾಧ್ಯಕ್ಷರು. ನಂಗೆ ಬಾಗ್ಲ ಹತ್ರ ಚಾಪಿ ಹಾಸ್ತಾರ. ಮೊದಲ್ನೇ ದಿನ ತಿಳೀದೆ ಕುರ್ಚಿ ಮ್ಯಾಲೆ ಕುಂತಿದ್ದೆ. ಎದ್ದೇಳು, ಅದು ನಿಂದಲ್ಲ ಅಂದ್ರು. ಎಲ್ಲಾರ ಎದುರಿಗೆ. ಎದ್ದೆ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕಾಯ್ದೆ ಪ್ರಕಾರ ಅಧ್ಯಕ್ಷಿ ಎಲ್ಲಿ ಕುಂದ್ರಬೇಕು ಅಂತ ಆ ಟಿವ್ಯಾಗಿನೋರಿಗೆ ಕೇಳಬೌದೇನ್ರಿ ಅಕ್ಕೋರೆ?"

ಕೇಳಬಹುದು ಎಂದೆ. ಬೇರೆ ಹೆಂಗಸರೂ ಕೇಳು ಕೇಳು ಎಂದರು. ಕೊನೆಯ ದಿನ ಮಧ್ಯಾಹ್ನದ ಪ್ರಶ್ನೋತ್ತರದಲ್ಲಿ ಕೇಳುವುದೆಂದಾಯಿತು. ನೀರಿನ ಲೋಟವನ್ನು ರಿಸೀವರಿನಂತೆ ಕಿವಿಗೆ ಹಿಡಿದುಕೊಂಡು ಅವಳು ಅಭ್ಯಾಸ ಮಾಡಿದಳು. ನಾನು ಬೆಂಗಳೂರಿನ ಹೆಂಗಸಾಗಿ, "ಸೊರಬ ಕೇಂದ್ರ, ಮಾತಾಡಿ" ಎಂದೆ. ಅಷ್ಟು ಜನರ ನಡುವೆ ನಿಂತು ಮಾತಾಡುತ್ತಿದ್ದೇನೆ ಎಂಬುದು ಆ ಹೊತ್ತಿಗೆ ನನಗೆ ಮರೆತೇ ಹೋಗಿತ್ತು.

ಕಿಟಕಿ ತೆರೆದಿದೆ ಎಂಬುದೂ ಮರೆತಿತ್ತು.

ಊಟದ ಹೊತ್ತಿಗೆ ಅಂಗಳದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಾಗ ಒಬ್ಬ ಹತ್ತಿರ ಬಂದು ನಿಂತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಅಧ್ಯಕ್ಷೆ ಬಂದಿದ್ದ ಜೀಪು ಓಡಿಸಿಕೊಂಡು ಬಂದವನು ಅವನೇ, ಆ ಉಪಾಧ್ಯಕ್ಷನ ತಮ್ಮ.

"ಊಟ ಆತೇನ್ರಿ ಮೇಡಂ?" ಎಂದ ಮೆತ್ತಗೆ.

ಆಯಿತು ಎಂದೆ.

"ನಿಮ್ಮ ಯಜಮಾನ್ರು ನಮಗೆ ಬಾಳ ಬೇಕಾದೋರು. ಶಿಕಾರಿಪುರದಾಗ ಬಟ್ಟೆ ಅಂಗಡಿ ಅಲ್ವೇನ್ರಿ? ನಮ್ಮೂರೋರೆಲ್ಲಾ ಮದುವೆ ಜವಳಿ ಅಲ್ಲೇ ತಗಳಾದು. ಒಳ್ಳೆ ಮನುಷ್ಯ ಪಾಪ."

ನಾನು ನಲ್ಲಿ ನಿಲ್ಲಿಸುವುದನ್ನು ಮರೆತಿದ್ದೆ. ಅವನೇ ಬಗ್ಗಿ ನಿಲ್ಲಿಸಿದ.

"ಆ ಹೆಂಗಸಿಗೆ ಓದು ಬರಹ ಇಲ್ಲ. ಏನರ ಹೇಳ್ತಾಳ. ನೀವು ತಿಳಿದೋರು. ಫೋನು ಗೀನು ಅಂತ ಅವಳ ಕೈಗೆ ಕೊಡಬ್ಯಾಡ್ರಿ. ನಮ್ಮ ಅಣ್ಣಂಗೆ ಸಿಟ್ಟು ಜಾಸ್ತಿ." ಸ್ವಲ್ಪ ತಡೆದು, "ದಿನಾ ಸಂಜಿ ಬಸ್ಸಿಗೆ ಹೋಗ್ತೀರಲ್ಲ. ಶಿರಾಳಕೊಪ್ಪ ದಾಟಿದ ಮ್ಯಾಲೆ ಬಸ್ಸು ಖಾಲಿ ಇರ್ತೈತಿ ಅಲ್ವೇನ್ರಿ?" ಎಂದ. ಉತ್ತರಕ್ಕೆ ಕಾಯದೆ, ಕೈ ಮುಗಿದು ಹೋದ.

ಅವನು ಒಂದು ಕೆಟ್ಟ ಮಾತೂ ಆಡಿರಲಿಲ್ಲ. ಯಾರಿಗಾದರೂ ಹೇಳಿದರೆ, ಅದರಲ್ಲೇನಿದೆ, ವಿಚಾರಿಸಿದ್ದಾನೆ ಅಷ್ಟೇ ತಾನೆ ಎನ್ನುತ್ತಿದ್ದರು. ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು. ಮಧ್ಯಾಹ್ನದ ಪಾಠದಲ್ಲಿ ಟಿವಿ ಏನು ಹೇಳಿತೋ ನನಗೆ ತಿಳಿಯದು. ಕಿಟಕಿಯ ಆಚೆ ಬಿಳಿ ಅಂಗಿ ಅತ್ತಿತ್ತ ಓಡಾಡುತ್ತಿತ್ತು.

ಆ ಸಂಜೆ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಹಿಡಿದು ಕೂತೆ. ಶಿರಾಳಕೊಪ್ಪದಲ್ಲಿ ಜನ ಇಳಿದರು. ಬಸ್ಸು ಮತ್ತೆ ಹೊರಟಾಗ ತಿರುಗಿ ನೋಡಿದೆ. ಕೊನೆಯ ಸಾಲಿನಲ್ಲಿ ಇಬ್ಬರು, ನಡುವೆ ಒಬ್ಬ ಮುದುಕಿ, ಅಷ್ಟೇ. ಆ ಇಬ್ಬರು ಯಾರೋ ಏನೋ. ಸಂತೆಗೆ ಹೋಗಿ ಬಂದವರಿರಬಹುದು. ಅವರಲ್ಲೊಬ್ಬ ಕೆಮ್ಮಿದರೆ ನನ್ನ ಬೆನ್ನು ಸೆಟೆದುಕೊಳ್ಳುತ್ತಿತ್ತು. ಹಿಂದಿನಿಂದ ಯಾವುದೋ ವಾಹನದ ಬೆಳಕು ಬಸ್ಸಿನ ಒಳಗೆ ಬಿತ್ತು. ಅದು ನಮ್ಮನ್ನು ದಾಟಿ ಹೋಗಲಿಲ್ಲ, ಹಿಂದೆಯೇ ಬರುತ್ತಿತ್ತು. ಜೀಪೇ ಇರಬೇಕು ಅನ್ನಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಊರು ಹತ್ತಿರ ಬಂದಾಗ ಅದು ದಾಟಿಕೊಂಡು ಮುಂದೆ ಹೋಯಿತು. ಹುಲ್ಲು ಹೇರಿದ್ದ ಲಾರಿ.

ಊಟಕ್ಕೆ ಕೂತಾಗ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಕಲಸಿದ ಅನ್ನ ಹಾಗೇ ಬಿಟ್ಟು ಕೇಳಿದರು.

"ಆ ಮನೆಯೋರು ನನಗೆ ಗೊತ್ತು. ಎದುರು ಹಾಕ್ಕಂಡೋರು ಯಾರೂ ಸುಖವಾಗಿಲ್ಲ. ನಾಳೆ ಜ್ವರ ಅಂತ ಹೇಳಿ ಕಳ್ಸು. ಸುಮ್ನೆ ಮನೇಲಿರು."

"ಸಾಹೇಬರು?"

"ಸಾಹೇಬರು ಬೇರೆ ಯಾರನ್ನಾದ್ರೂ ನೋಡ್ಕಂತಾರೆ."

ಬೇರೆ ಯಾರೂ ಇಲ್ಲ ಎಂದು ನನಗೆ ಗೊತ್ತಿತ್ತು. ನಾನು ಹೋಗದಿದ್ದರೆ ಕೋಣೆಯ ಬೀಗ ತೆಗೆಯುವ ಜವಾನ ಟಿವಿ ಹಾಕಿ ಹೊರಗೆ ಹೋಗುತ್ತಾನೆ. ಗಂಡಸರು ಮತ್ತೆ ಮುಂದಿನ ಕುರ್ಚಿಯಲ್ಲಿ ಕೂರುತ್ತಾರೆ. ಲೋಟ ಹಿಡಿದು ಅಭ್ಯಾಸ ಮಾಡಿದವಳು ಬಂದು ನನ್ನನ್ನು ಹುಡುಕುತ್ತಾಳೆ. ಆಗ ಅವಳ ಪಕ್ಕದಲ್ಲಿರುವುದು ಆ ಬಿಳಿ ಅಂಗಿಯವನು ಮಾತ್ರ. ಬೆಳಿಗ್ಗೆ ನಾನು ಹೊರಟೆ. ಧೈರ್ಯದಿಂದ ಹೊರಟೆನೆಂದು ಯಾರೂ ತಿಳಿಯಬಾರದು. ಹೋಗದಿದ್ದರೆ ಏನಾದೀತೆಂಬ ಭಯ, ಹೋದರೆ ಏನಾದೀತೆಂಬ ಭಯಕ್ಕಿಂತ ಒಂದು ಗುಲಗಂಜಿ ಹೆಚ್ಚು ತೂಗಿತು, ಅಷ್ಟೇ. ನಮ್ಮವರು ಬೇಡವೆನ್ನಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಜೊತೆಗೆ ಬಂದು, ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತಿದ್ದರು.

ಸೊರಬಕ್ಕೆ ಹೋದರೆ ಅವಳು ಬಂದಿರಲಿಲ್ಲ.

ಜೀಪು ಬಂದಿತ್ತು. ಅಂಗಳದಲ್ಲಿ ಡಿಶ್ಶಿನ ಪಕ್ಕದಲ್ಲೇ ನಿಂತಿತ್ತು. ಬಿಳಿ ಅಂಗಿಯವನು ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. "ಅಧ್ಯಕ್ಷರು ಬರ್ಲಿಲ್ವಾ?" ಎಂದು ಕೇಳಿದೆ.

"ಮೈಗೆ ಹುಷಾರಿಲ್ಲಂತ್ರಿ" ಎಂದ.

ಬೆಳಗಿನ ಪಾಠ ಶುರುವಾಯಿತು. ನನ್ನ ಕಣ್ಣು ಬಾಗಿಲ ಮೇಲೆ. ಅವಳಿಗೆ ಏನು ಮಾಡಿರಬಹುದು ಎಂದು ಯೋಚನೆ ಹತ್ತಿತು. ಮನೆಗೆ ಹೋಗಿ ಬೆದರಿಸಿರಬಹುದು. ಹೊಡೆದಿರಬಹುದು. ಕುರಿ ಹಟ್ಟಿಗೆ ಬೆಂಕಿ ಇಟ್ಟ ಕಥೆಗಳನ್ನು ನಾನು ಕೇಳಿದ್ದೆ. ಇದನ್ನೆಲ್ಲ ಶುರುಮಾಡಿದವಳು ನಾನು, ಸುಮ್ಮನೆ ಟಿವಿ ಹಾಕಿ ಕೂತಿದ್ದರೆ ಆಗುತ್ತಿತ್ತು ಎಂದುಕೊಂಡೆ. ದುಂಡಗೆ ಕೂತ ಹೆಂಗಸರೂ ಅವಳ ಖಾಲಿ ಕುರ್ಚಿಯನ್ನು ನೋಡುತ್ತಿದ್ದರು. ಯಾರೂ ಅದನ್ನು ಸರಿಸಲಿಲ್ಲ. ನಿನ್ನೆ ಅಷ್ಟು ಮಾತಾಡಿದ್ದ ಹೊಸಬಾಳೆಯವಳು ಇವತ್ತು ನೆಲ ನೋಡುತ್ತಿದ್ದಳು. ಒಬ್ಬರ ಹೆದರಿಕೆ ಇನ್ನೊಬ್ಬರಿಗೆ ಇಷ್ಟು ಬೇಗ ಹತ್ತುತ್ತದೆಂದು ನನಗೆ ಆವತ್ತೇ ತಿಳಿದದ್ದು.

ಊಟ ಮುಗಿದು, ಪ್ರಶ್ನೋತ್ತರ ಆರಂಭವಾಗಿ, ಬೇರೆ ಊರುಗಳ ಕೇಂದ್ರಗಳಿಂದ ಒಂದೊಂದೇ ದನಿ ಬರತೊಡಗಿದಾಗ ಅವಳು ಬಂದಳು. ಪಾದದ ಮೇಲೆ, ಸೀರೆಯ ಅಂಚಿನ ಮೇಲೆ ಕೆಂಪು ಧೂಳು. ಹಿಂದೆ ಕಂಬಳಿಯ ಗಂಡ. ಬಂದವಳೇ ಗಡಿಗೆಯಿಂದ ನೀರು ಬಗ್ಗಿಸಿಕೊಂಡು ಕುಡಿದು, ತನ್ನ ಕುರ್ಚಿಯಲ್ಲಿ ಕೂತಳು.

"ಜೀಪು ನಮ್ಮ ಮನಿ ಮುಂದೇ ಹೋತ್ರಿ. ನಿಲ್ಲಿಸ್ಲಿಲ್ಲ. ಟಾರು ರಸ್ತೆ ಮಟ ನಡ್ಕಂಡು ಬಂದ್ವಿ. ಹತ್ತಿದ ಬಸ್ಸು ದಾರ್ಯಾಗ ಕೆಟ್ಟು ನಿಂತಿತ್ತು" ಎಂದಳು. ಆಮೇಲೆ ಮೆಲ್ಲಗೆ, "ರಾತ್ರಿ ಬಂದಿದ್ರು ಮನಿಗೆ" ಎಂದಳು. ಬಂದು ಏನು ಹೇಳಿದರೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಬೇಡ ಅಂದ್ರೆ ಬಿಟ್ಟುಬಿಡಣ" ಎಂದೆ.

"ಹಚ್ರಿ ಫೋನು" ಎಂದಳು.

ಹಚ್ಚಿದೆ. ಎಂಗೇಜು. ಮತ್ತೆ ಎಂಗೇಜು. ಪ್ರತಿ ಸಲ ಡಯಲು ತಿರುಗಿ ವಾಪಸ್ಸು ಬರುವ ಕರಕರ ಸದ್ದಿಗೆ ಕೋಣೆಯೆಲ್ಲ ಕಿವಿಯಾಗುತ್ತಿತ್ತು. ಬಿಳಿ ಅಂಗಿಯವನು ಬಾಗಿಲಲ್ಲಿ ಬಂದು ನಿಂತಿದ್ದ. ಒಳಗೆ ಬರಲಿಲ್ಲ, ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ. ನನಗೆ ಬೆರಳು ಜಾರಿ ತಪ್ಪು ನಂಬರು ಬಿತ್ತು. ಮತ್ತೆ ತಿರುಗಿಸಿದೆ. ಈ ಸಲ ಗಂಟೆ ಹೊಡೆಯಿತು, ಯಾರೋ ಎತ್ತಿಕೊಂಡರು, ಲೈನಿನಲ್ಲಿರಿ ಎಂದರು. ಸ್ವಲ್ಪ ಹೊತ್ತಿಗೆ ಟಿವಿಯ ಹೆಂಗಸು ನಕ್ಕು, "ಕೊನೆಗೂ ಸೊರಬ ಸಿಕ್ಕಿತು. ಸೊರಬ ಕೇಂದ್ರ, ಮಾತಾಡಿ" ಎಂದರು.

ಅವಳ ಕೈಗೆ ರಿಸೀವರು ಕೊಟ್ಟೆ. "ನಮಸ್ಕಾರ್ರೀ" ಎಂದಳು. ಮರುಕ್ಷಣ ಟಿವಿಯೊಳಗಿನಿಂದ ಅವಳದೇ ದನಿ, "ನಮಸ್ಕಾರ್ರೀ" ಎಂದಿತು. ಅವಳು ಬೆಚ್ಚಿ ರಿಸೀವರನ್ನು ಮಡಿಲಿಗೆ ಬಿಟ್ಟಳು. ಸದ್ದು ಇಳಿಸುವುದನ್ನು ನಾನು ಗಾಬರಿಯಲ್ಲಿ ಮರೆತಿದ್ದೆ. ಓಡಿ ಹೋಗಿ ಇಳಿಸಿದೆ. ಟಿವಿಯಲ್ಲಿ ಬೆಂಗಳೂರಿನವರ ತುಟಿ ಮಾತ್ರ ಆಡುತ್ತಿತ್ತು. ರಿಸೀವರಿನಿಂದ ಸಣ್ಣಗೆ "ಹಲೋ, ಹಲೋ" ಕೇಳುತ್ತಿತ್ತು. ಅವಳು ಅದನ್ನು ಮುಟ್ಟಲಿಲ್ಲ.

ನಾನೇ ಎತ್ತಿಕೊಂಡು ಕೇಳಿಬಿಡಬಹುದಿತ್ತು. ನಾಲ್ಕು ಮಾತಿನ ಪ್ರಶ್ನೆ. ಅಥವಾ ಲೈನು ಕಡಿಯಿತೆಂದು ಇಟ್ಟುಬಿಡಬಹುದಿತ್ತು, ಎಲ್ಲರೂ ನಂಬುತ್ತಿದ್ದರು. ಬಾಗಿಲಲ್ಲಿ ನಿಂತವನು ಅದನ್ನೇ ಕಾಯುತ್ತಿದ್ದ. ನಾನು ಅವಳ ಮುಂದೆ ಮಂಡಿಯೂರಿ ಕೂತು, ರಿಸೀವರನ್ನು ಅವಳ ಕಿವಿಗೆ ಹಿಡಿದೆ. ಅದು ಅವಳ ಓಲೆಗೆ ತಾಗಿ ಟಕಟಕ ಎನ್ನುತ್ತಿತ್ತು.

"ಟಿವಿ ನೋಡ್ಬೇಡಿ. ನನ್ನ ಮುಖ ನೋಡ್ಕಂಡು ನನಗೇ ಹೇಳಿ" ಎಂದೆ.

ಅವಳು ನನ್ನ ಮುಖ ನೋಡಿದಳು. "ನಾ ಅಧ್ಯಕ್ಷಿ ಅದೀನ್ರಿ. ಪಂಚಾಯ್ತ್ಯಾಗ ನಾ ಎಲ್ಲಿ ಕುಂದ್ರಬೇಕು?"

ಬೆಂಗಳೂರಿನಲ್ಲಿ ಯಾರೋ ಒಬ್ಬರು ಯಾವುದೋ ಕಲಮಿನ ನಂಬರು ಹೇಳಲು ಶುರುಮಾಡಿದರು. ರಿಸೀವರಿಗೆ ನನ್ನ ಕಿವಿಯನ್ನೂ ತಾಗಿಸಿದ್ದರಿಂದ ನನಗೂ ಕೇಳಿಸುತ್ತಿತ್ತು. ನಿರೂಪಣೆಯ ಹೆಂಗಸು ಅವರನ್ನು ತಡೆದರು. "ಈಗ ಎಲ್ಲಿ ಕೂತ್ಕೋತೀರಮ್ಮ?"

"ಬಾಗ್ಲ ಹತ್ರ. ಚಾಪಿ ಮ್ಯಾಲೆ."

"ಅಧ್ಯಕ್ಷರ ಕುರ್ಚಿಯಲ್ಲಿ ಯಾರು ಕೂರ್ತಾರೆ?"

ಅವಳು ತಲೆ ಎತ್ತಿ ಬಾಗಿಲ ಕಡೆ ನೋಡಿದಳು. ಹೆಸರು ಹೇಳಬೇಡ ಎಂದು ಸನ್ನೆ ಮಾಡಲು ನೋಡಿದೆ.

"ಅವರ ತಮ್ಮ ಇಲ್ಲೇ ಬಾಗ್ಲಾಗ ನಿಂತಾನ್ರಿ. ಅವಂಗೇ ಕೇಳ್ರಿ" ಎಂದಳು. ನನ್ನ ಕೈಯಿಂದ ರಿಸೀವರು ತೆಗೆದುಕೊಂಡು ಅವನ ಕಡೆಗೆ ಚಾಚಿದಳು. ಉದ್ದ ವೈರು ನೆಲದಿಂದ ಎದ್ದು ಬಿಗಿಯಾಯಿತು.

ದುಂಡಗೆ ಕೂತಿದ್ದ ಅಷ್ಟೂ ಹೆಂಗಸರು ಬಾಗಿಲ ಕಡೆ ತಿರುಗಿದರು. ಅವನು ರಿಸೀವರನ್ನು ನೋಡಿದ. ಅದರೊಳಗಿನಿಂದ, "ಹೇಳಿ, ಯಾರು ಮಾತಾಡೋದು? ಇಡೀ ರಾಜ್ಯ ಕೇಳ್ತಾ ಇದೆ, ಹೇಳಿ" ಎಂಬ ದನಿ ಸಣ್ಣಗೆ ಬರುತ್ತಿತ್ತು. ಅವನ ತುಟಿ ಅಲುಗಾಡಿತು, ಮಾತು ಹೊರಡಲಿಲ್ಲ. ನಾಲಿಗೆ ಅಂಟಿಕೊಂಡವರ ಮುಖ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಹೊಸ್ತಿಲ ಮೇಲಿನ ಕಾಲು ತೆಗೆದು, ಒಂದು ಹೆಜ್ಜೆ ಹಿಂದೆ ಸರಿದು, ಹೊರಗೆ ಹೋದ. ಜೀಪು ಹೊರಟ ಸದ್ದು ಕೇಳಿತು. ನನಗೇನೂ ಸಂತೋಷವಾಗಲಿಲ್ಲ. ಇನ್ನು ಅವನು ಎಲ್ಲಿಗೆ ಹೋಗುತ್ತಾನೋ, ಯಾರನ್ನು ಕರೆದುಕೊಂಡು ಬರುತ್ತಾನೋ ಎಂದು ಆ ಸದ್ದಿಗೇ ಕಿವಿಗೊಟ್ಟೆ.

ಅವಳು ರಿಸೀವರನ್ನು ಮತ್ತೆ ನಮ್ಮಿಬ್ಬರ ಕಿವಿಯ ನಡುವೆ ಹಿಡಿದಳು. ಅಧ್ಯಕ್ಷರ ಕುರ್ಚಿ ಅಧ್ಯಕ್ಷರದೇ, ಅದರಲ್ಲಿ ಬೇರೆ ಯಾರೂ ಕೂರುವಂತಿಲ್ಲ, ಸಭೆ ನಡೆಸುವವರೂ ನೀವೇ ಎಂದು ಬೆಂಗಳೂರಿನವರು ಬಿಡಿಸಿ ಹೇಳಿದರು. ಲೈನು ಕಡಿಯಿತು. ಟಿವಿಯ ಸದ್ದು ಮತ್ತೆ ಏರಿಸಿದಾಗ ಬೇರೆ ಯಾವುದೋ ಜಿಲ್ಲೆಯ ಹೆಂಗಸೊಬ್ಬಳು, "ಈಗ ಸೊರಬದೋರು ಕೇಳಿದ್ರಲ್ಲ, ನಮ್ಮೂರಲ್ಲೂ ಅದೇ ಕಥೆ" ಎನ್ನುತ್ತಿದ್ದಳು. ಅವಳ ಹಿಂದೆ ಇನ್ನೊಬ್ಬಳು. ಕಂಡು ಕೇಳದ ಊರಿನ ಆ ದನಿಗಳಿಗೆ ನಮ್ಮ ಹೆಂಗಸರು, ಅವರು ಎದುರಿಗೇ ಕೂತಿದ್ದಾರೇನೋ ಎಂಬಂತೆ ತಲೆಯಾಡಿಸಿದರು. ಜಡೆಯವಳೊಬ್ಬಳು ಟಿವಿಗೆ, "ಬಿಡಬ್ಯಾಡ ಕಣೇ" ಎಂದೂ ಅಂದಳು.

ಆ ಸಂಜೆ ಬಸ್‌ಸ್ಟ್ಯಾಂಡಿಗೆ ನಾವೆಲ್ಲ ಗುಂಪಾಗಿ ಹೋದೆವು. ಕುರಿಮನೆಯ ಅಧ್ಯಕ್ಷೆ, ಅವಳ ಗಂಡ, ನಾನು ಒಂದೇ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಧೈರ್ಯ ಹೇಳಲು ಹಿಡಿದಳೋ, ತನಗೇ ಆಸರೆಗೆ ಹಿಡಿದಳೋ, ಇಬ್ಬರ ಕೈಯೂ ಒದ್ದೆಯಾಗಿತ್ತು.

ಸಾಹೇಬರು ಮರುದಿನ, "ಒಂದು ಪ್ರಶ್ನೆ ಕೇಳಿಸಿ ಅಂದ್ರೆ ಇಂಥದ್ದಾ ಕೇಳಿಸೋದು? ಬೆಳಿಗ್ಗೆಯಿಂದ ಯಾರ್ಯಾರೋ ಬಂದು ಕೂತಿದ್ರು" ಎಂದರು. ಅವರೂ ಹೆದರಿದ್ದರು. ಕೆಲವು ತಿಂಗಳಲ್ಲಿ ನನ್ನನ್ನು ತಾಲ್ಲೂಕಿನ ಇನ್ನೊಂದು ತುದಿಯ ಹಳ್ಳಿಗಳಿಗೆ ಹಾಕಿದರು. ಬಸ್ಸು ಇಳಿದು ಬಹಳ ದೂರ ನಡೆಯಬೇಕಾಗಿತ್ತು. ಆ ದಾರಿಯಲ್ಲಿ ಜೀಪಿನ ಸದ್ದು ಕೇಳಿದರೆ ಬೇಲಿಯ ಪಕ್ಕಕ್ಕೆ ಸರಿದು ನಿಲ್ಲುವ ಅಭ್ಯಾಸ ಎಷ್ಟೋ ಕಾಲ ಉಳಿಯಿತು. ಬಿಳಿ ಅಂಗಿಯವನು ಒಂದೆರಡು ಸಲ ನಮ್ಮ ಅಂಗಡಿಗೆ ಬಂದಿದ್ದನಂತೆ. ಜವಳಿ ತೆಗೆದುಕೊಂಡು, ಮನೆಯವರು ಹೇಗಿದ್ದಾರೆಂದು ಕೇಳಿ ಹೋದನಂತೆ. ಬೇರೆ ಏನೂ ಆಗಲಿಲ್ಲ. ಏನೂ ಆಗುವುದಿಲ್ಲ ಎಂದು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ನಿದ್ದೆ ಉಳಿಯುತ್ತಿತ್ತು. ಹಾಗೆ ಹೇಳುವವರು ಯಾರೂ ಇರುವುದಿಲ್ಲ.

ಮುಂದಿನ ಬೇಸಿಗೆಯಲ್ಲಿ ಬಂಧುಗಳ ಮದುವೆಗೆಂದು ಅವಳ ಊರಿನ ಪಕ್ಕಕ್ಕೆ ಹೋಗಬೇಕಾಯಿತು. ಅವರ ಪಂಚಾಯಿತಿ ಆಫೀಸಿನ ಹತ್ತಿರ ಅವಳು ಸಿಕ್ಕಳು. ಸಭೆ ಆಗಷ್ಟೇ ಮುಗಿದಿತ್ತು. ಕಿಟಕಿಯಿಂದ ಒಳಗೆ ತೋರಿಸಿದಳು. ಮೇಜಿನ ಹಿಂದೆ ಒಂದರ ಪಕ್ಕ ಒಂದು, ಎರಡು ಕುರ್ಚಿ ಹಾಕಿದ್ದರು, ಎರಡೂ ಒಂದೇ ಎತ್ತರದವು.

"ಆ ಕಡೀದು ನಂದು. ಉಪಾಧ್ಯಕ್ಷರೂ ಬಿಟ್ಟು ಕೊಡ್ಲಿಲ್ಲ, ನಾನೂ ಚಾಪಿಗೆ ಹೋಗ್ಲಿಲ್ಲ. ಈಗ ಇಬ್ರೂ ಕುಂದ್ರತೀವಿ. ಅವರು ನನ್ನ ಕಡೆ ನೋಡಂಗಿಲ್ಲ."

"ಈಗ ಹೆದರಿಕೆ ಇಲ್ವಾ?" ಎಂದು ಕೇಳಿದೆ.

"ಯಾಕಿಲ್ಲ?" ಎಂದಳು. "ಸಭೆ ಐತಿ ಅಂದ್ರ ಬೆಳಿಗ್ಗೆಯಿಂದ ರೊಟ್ಟಿ ಇಳಿಯಂಗಿಲ್ಲ. ಕುಂತಾಗ ಕಾಲು ನಡುಗ್ತಾವ. ಮೇಜಿನ ಕೆಳಗೆ ಯಾರಿಗೂ ಕಾಣಂಗಿಲ್ಲ ಬಿಡ್ರಿ."

ಅಷ್ಟರಲ್ಲಿ ಅವಳ ಗಂಡ ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಬಂದ. ಕುಂಟುತ್ತಿದ್ದ ಒಂದು ಮರಿಯನ್ನು ಅವಳು ಎತ್ತಿ ಕಂಕುಳಿಗೆ ಇಟ್ಟುಕೊಂಡು, ಊಟ ಮಾಡಿಕೊಂಡು ಹೋಗಿ ಎಂದು ನನ್ನನ್ನು ಕರೆದಳು.